ರಾಷ್ಟ್ರೀಯ ಅರಣ್ಯನೀತಿಯಲ್ಲಿ ಗ್ರಾಮದ ಸ್ಥಾನ

ಸ್ವತಂತ್ರ ಭಾರತದ ಎರಡು ರಾಷ್ಟ್ರೀಯ ಅರಣ್ಯನೀತಿಗಳು 1952ರಲ್ಲಿಯೂ 1988ರಲ್ಲಿಯೂ ಪ್ರಕಟವಾದುವು. ದೇಶದ ಭೂಭಾಗದಲ್ಲಿ ಮೂರನೆಯ ಒಂದಂಶ ಕಾಡಿರಬೇಕೆಂಬ ಗುರಿ ಎರಡಕ್ಕೂ ಸಮಾನವಾದುದು. ಆದುದರಿಂದ ಅವುಗಳ ಮುಖ್ಯ ಭೇದವನ್ನು ಈ ಗುರಿಯಲ್ಲಲ್ಲ, ಕಾಡಿನಂಚಿನ ಗ್ರಾಮಕ್ಕೆ ಅವು ಕೊಟ್ಟಿರುವ ಸ್ಥಾನದಲ್ಲಿ ಹುಡುಕಬೇಕು.

1952ರ ನೀತಿಯು ಅರಣ್ಯವನ್ನು ರಕ್ಷಣಾರಣ್ಯ, ರಾಷ್ಟ್ರೀಯಾರಣ್ಯ, ಗ್ರಾಮಾರಣ್ಯ, ವೃಕ್ಷಭೂಮಿ ಎಂದು ನಾಲ್ಕಾಗಿ ವಿಂಗಡಿಸಿತು. ಸೌದೆ, ಮೇವು ಮೊದಲಾದುವು ಗ್ರಾಮಾರಣ್ಯದ ಪಾಲಿಗೆ ಬಂದುವು. ಹಳ್ಳಿಯೊಂದು ಕಾಡಿನ ಬಳಿಯಿರುವುದು ಕೇವಲ ಆಕಸ್ಮಿಕ, ಅದರಿಂದ ರಾಷ್ಟ್ರದ ಹಕ್ಕಿಗೆ ಬಾಧಕವಾಗಕೂಡದೆಂಬುದು ಅದರ ನಿಲುವು. ಒಂದೇ ಕಾಡು ತೊಲೆಯನ್ನೂ ಜೇನನ್ನೂ ಸೊಪ್ಪನ್ನೂ ಕೊಡುವುದೆಂಬ ವಾಸ್ತವಾಂಶಕ್ಕೆ ಈ ವಿಂಗಡಣೆಯಲ್ಲಿ ಸಾಕಷ್ಟು ಎಡೆಯಿರಲಿಲ್ಲ.

1988ರ ನೀತಿಯು ಈ ಕ್ರಮವನ್ನು ತಿರುವುಮುರುವಾಗಿಸಿತು. ಪರಿಸರದ ಸಮತೋಲನವೇ ಪ್ರಧಾನ, ಆರ್ಥಿಕ ಲಾಭ ಅದಕ್ಕೆ ಅಧೀನ. ಗಿರಿಜನರ ಮತ್ತು ಬಡವರ ಅವಶ್ಯಕತೆಗಳಿಗೆ ಅರಣ್ಯೋತ್ಪನ್ನದ ಮೇಲೆ ಮೊದಲ ಹಕ್ಕು. ಇದು ಶ್ಲಾಘ್ಯವೇ ಸರಿ. ಆದರೆ ಆ ಹಕ್ಕು ಕಾಡಿನ ಧಾರಣಶಕ್ತಿಗೆ ಅನುಗುಣವಾಗಿರಬೇಕೆಂದು ವಿಧಿಸಿದ ನೀತಿಯು, ಆ ಶಕ್ತಿಯನ್ನು ಅಳೆಯುವವರು ಯಾರೆಂಬುದನ್ನು ಹೇಳಲಿಲ್ಲ. ನಮ್ಮ ದೃಷ್ಟಿಯಲ್ಲಿ ನೀತಿಯ ಮುಖ್ಯ ನ್ಯೂನತೆ ಇದೇ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅನುಭವ ಇದಕ್ಕೆ ನಿದರ್ಶನ. 1974ರಲ್ಲಿ ಈ ಪ್ರದೇಶ ವನ್ಯಜೀವಿಧಾಮವಾಯಿತು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಾದ ತಿದ್ದುಪಡಿಯ ಅನಂತರದ ವರ್ಷಗಳಲ್ಲಿ ನೆಲ್ಲಿ, ಜೇನು, ಪಾಚಿಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೆ ತಡೆಯುಂಟಾಯಿತು. 1988ರ ನೀತಿ ಜಾರಿಯಲ್ಲಿದ್ದರೂ ಸೋಲಿಗರ ನೆರವಿಗೆ ಬರಲಿಲ್ಲ. ಏಕೆಂದರೆ ನೀತಿಯು ಕಾನೂನಲ್ಲ. 2006ರ ಅರಣ್ಯಹಕ್ಕು ಕಾಯಿದೆಯ ಮೇರೆಗೆ 2011ರಲ್ಲಿ ಅವರ ಸಾಮುದಾಯಿಕ ಹಕ್ಕುಗಳು ಮಾನ್ಯವಾದುವು. ತರಗುಬೆಂಕಿಯನ್ನು ನಿಲ್ಲಿಸಿದುದರಿಂದಲೇ ಲಂಟಾನ ಹಬ್ಬಿತು, ನೆಲ್ಲಿಮರಕ್ಕೆ ಉಪ್ಪಿಲು ಹೆಚ್ಚಿತು ಎಂಬುದು ಸೋಲಿಗರ ವಾದ. ಅದು ಶಾಸ್ತ್ರೀಯ ಪರೀಕ್ಷೆಗೆ ಅರ್ಹವಾದುದು. ಧಾರಣಶಕ್ತಿಯ ನಿರ್ಣಯದಲ್ಲಿ ಇಂತಹ ಜ್ಞಾನವನ್ನು ಪರಿಗಣಿಸದಿದ್ದರೆ ಆ ನಿರ್ಣಯ ಅಪೂರ್ಣವೆನಿಸುತ್ತದೆ.

ಪೇಟೆಯ ಬೆಲೆ ಏರಿದಾಗ ಗ್ರಾಮಸ್ಥರೇ ಮಿತಿಮೀರಿ ಕೊಯ್ಯಬಹುದೆಂಬ ಆಕ್ಷೇಪವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರಿಂದ ಮಿತಿಯ ಅವಶ್ಯಕತೆ ಸಿದ್ಧವಾಗುವುದೇ ಹೊರತು ಇಲಾಖೆಯೊಂದೇ ಅದನ್ನು ಗೊತ್ತುಮಾಡಬೇಕೆಂಬುದು ಸಿದ್ಧವಾಗುವುದಿಲ್ಲ. ಗ್ರಾಮಸಭೆಯೂ ಇಲಾಖೆಯೂ ಒಡಗೂಡಿ ವರ್ಷ ವರ್ಷವೂ ಫಸಲನ್ನೂ ಮರು ಹುಟ್ಟನ್ನೂ ಲೆಕ್ಕವಿಟ್ಟು ಮಿತಿಯನ್ನು ನಿಶ್ಚಯಿಸುವ ಅಧಿಕಾರ ಕಾರ್ಯಯೋಜನೆಯಲ್ಲಿಯೇ ಸೇರಬೇಕು. ಹಾಗಾಗದಿದ್ದರೆ ಬಹೂಪಯೋಗಿ ಅರಣ್ಯವೆಂಬ ತತ್ತ್ವವು ನೀತಿಪತ್ರದ ಮಾತಾಗಿಯೇ ಉಳಿಯುವುದು.