ಲಕ್ಕಮ್ಮನ ಅಳತೆ

ಸಾರ್ವಜನಿಕ ಧನವನ್ನು ಬಿಗಿಯಾಗಿ ಹಿಡಿದು ವ್ಯಯಮಾಡಬೇಕೆನ್ನುವವರು ಸಮಾಜದ ಕಟ್ಟಳೆಗಳನ್ನೂ ಬಿಗಿಯಾಗಿಯೇ ಹಿಡಿಯುವರೆಂದೂ, ಜಾತಿಭೇದ ಲಿಂಗಭೇದಗಳ ಕಟ್ಟನ್ನು ಬಿಚ್ಚಬೇಕೆನ್ನುವವರು ಬೊಕ್ಕಸದ ಬಾಯನ್ನೂ ತೆರೆದುಬಿಡುವರೆಂದೂ ಒಂದು ಎಣಿಕೆ ನಮ್ಮಲ್ಲಿ ಬಳಕೆಯಲ್ಲಿದೆ. ಹಣದಲ್ಲಿ ಮಿತವ್ಯಯ, ಸಮಾಜದಲ್ಲಿ ಔದಾರ್ಯ, ಇವೆರಡನ್ನೂ ಒಂದೇ ನಿಲುವಿನಲ್ಲಿ ಕೂಡಿಸಬಹುದೆ? ಈ ಪ್ರಶ್ನೆ ಎದ್ದಾಗ ಪಶ್ಚಿಮದ ರಾಜ್ಯಶಾಸ್ತ್ರದತ್ತ ತಿರುಗುವುದು ರೂಢಿ. ರಾಯಚೂರು ಸೀಮೆಯ ವಾಚಕರಿಗೆ ಅಷ್ಟು ದೂರದ ಪಯಣ ಬೇಕಿಲ್ಲ. ದೇವದುರ್ಗ, ಮಾನ್ವಿಗಳ ನೆರೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ತೆರಳಿದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ವಚನಗಳನ್ನು ತೆರೆದರೆ ಸಾಕು.

ಪ್ರಸಂಗವು ಸರ್ವವಿದಿತವಾದುದು. ಚೆಲ್ಲಿದ ಅಕ್ಕಿಯನ್ನು ಆಯ್ದುತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಮ್ಮೆ ಅವನು ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತುದನ್ನು ನೆನಪಿಸಿ ಎಬ್ಬಿಸಿದವಳು ಲಕ್ಕಮ್ಮ. ಮತ್ತೊಮ್ಮೆ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಮೊದಲಿದ್ದ ಎಡೆಗೇ ಒಪ್ಪಿಸಿ ಬರುವಂತೆ ಹೇಳಿ ಕಳುಹಿದವಳೂ ಅವಳೇ. ಹೆಚ್ಚಿನ ಹಂಬಲವು ಸಿಂಹಾಸನದವರಿಗೆ ಸಲ್ಲುವುದೇ ಹೊರತು ಭಕ್ತರಿಗೆ ಸಲ್ಲದೆಂಬುದು ಅವಳ ವಾದ. ಶೂನ್ಯಸಂಪಾದನೆಯ ಸಂಕಲನಕಾರರು ಈ ದಂಪತಿಗಳ ಸಂವಾದಕ್ಕೆ ಪ್ರತ್ಯೇಕ ಸ್ಥಾನವನ್ನಿತ್ತಿರುವುದು ಅದರ ತೂಕವನ್ನು ಸೂಚಿಸುತ್ತದೆ. ಲಕ್ಕಮ್ಮನ ಹೆಸರಿನಲ್ಲಿ ದೊರೆತಿರುವ ವಚನಗಳು ಸುಮಾರು 25 ಮಾತ್ರ. ಮಾತಿನಲ್ಲಿಯೂ ಅವಳು ಮಿತವ್ಯಯಿಯೇ ಸರಿ.

ಇಲ್ಲಿ ವಿಮರ್ಶಕನು ಗಮನಿಸಬೇಕಾದ ಅಂಶವೊಂದುಂಟು. ಹೆಚ್ಚಿನ ಅಕ್ಕಿಯನ್ನು ಬೇಡವೆನ್ನುವ ಬಿಗಿತನವೂ, ಪತಿಯನ್ನು ಎದುರಿಗೆ ನಿಂತು ತಿದ್ದುವ ಸ್ವಾತಂತ್ರ್ಯವೂ ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ ಬಂದಿವೆ. ಮಿತವ್ಯಯದ ಪಾಠವನ್ನು ಗಂಡ ಹೆಂಡತಿಗೆ ಹೇಳುವುದು ಲೋಕರೂಢಿ. ಇಲ್ಲಿ ಹೇಳುವವಳು ಹೆಂಡತಿ. ಕೇಳಿ ಹಿಂದಿರುಗುವವನು ಗಂಡ. ದಾಸೋಹದ ಪಂಕ್ತಿಯಲ್ಲಿ ಕುಳಿತ ಶರಣರ ಕುಲವನ್ನು ಅವಳು ಎಣಿಸುವುದಿಲ್ಲ. ಅಕ್ಕಿಯನ್ನು ಮಾತ್ರ ಅಳೆಯುತ್ತಾಳೆ. ವಸ್ತುವಿಗೆ ಅಳತೆಯುಂಟು, ಮನುಷ್ಯನಿಗೆ ಇಲ್ಲ. ಈ ಎರಡು ನಡೆಗಳ ಬೇರು ಒಂದೇ: ತನ್ನ ದುಡಿಮೆಗೆ ಮೀರಿದುದನ್ನು ಕೂಡಿಟ್ಟವನು ನಾಳೆ ಮತ್ತೊಬ್ಬನ ಒಡೆಯನಾಗುತ್ತಾನೆ, ಒಡೆತನ ಬಂದಲ್ಲಿ ಸಮಪಂಕ್ತಿ ಮುರಿಯುತ್ತದೆ.

ಈ ನಿಲುವು ಲಕ್ಕಮ್ಮನೊಬ್ಬಳದಲ್ಲ. ದೇವದುರ್ಗದಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಸುರಪುರ ಸೀಮೆಯ ಮುದನೂರು ಜೇಡರ ದಾಸಿಮಯ್ಯನ ಊರು. ಮಗ್ಗದಲ್ಲಿ ದುಡಿದು ಉಂಡ ಆ ಶರಣನೇ ಒಳಗಿನ ಆತ್ಮಕ್ಕೆ ಹೆಣ್ಣುಗಂಡುಗಳ ಭೇದವಿಲ್ಲವೆಂದು ಸಾರಿದನು. ಬಸವಣ್ಣನವರಾದರೋ ಬಿಜ್ಜಳನ ಭಂಡಾರಿಗಳು. ಅರಮನೆಯ ಹಣವನ್ನು ಜಂಗಮರಿಗೆ ಚೆಲ್ಲಿದರೆಂಬ ದೂರು ಅವರ ಮೇಲೆ ಬಂದುದನ್ನೂ, ಎಣಿಸಿ ನೋಡಿದಾಗ ಲೆಕ್ಕ ಸರಿಯಿದ್ದುದನ್ನೂ ಬಸವಪುರಾಣ ಕಥಿಸುತ್ತದೆ. 1369ರಲ್ಲಿ ಭೀಮಕವಿಯು ಈ ಪುರಾಣವನ್ನು ಕನ್ನಡಕ್ಕೆ ತಂದನು. ಕಥೆಯ ಪವಾಡವನ್ನು ಭಕ್ತರು ಭಕ್ತಿಯಿಂದ ಕಾಣಲಿ. ಸಾಹಿತ್ಯದ ವಿದ್ಯಾರ್ಥಿ ಕಾಣಬೇಕಾದುದು ಬೇರೆ: ಕುಲಭೇದವನ್ನು ಅಲ್ಲಗಳೆದ ಮಹಾಪುರುಷನ ಕೈಯಲ್ಲಿ ಸಾರ್ವಜನಿಕ ಲೆಕ್ಕವೂ ಚೊಕ್ಕವಾಗಿರಲೇಬೇಕೆಂದು ಆ ಸಂಪ್ರದಾಯ ಬಯಸಿತು. ಲೆಕ್ಕ ತಪ್ಪಿದ್ದರೆ ಅವರ ಸಮತೆಯ ಮಾತೂ ಹುಸಿಯಾಗುತ್ತಿದ್ದಿತು.

ಇಷ್ಟಕ್ಕೆ ಲೇಖನಿಯನ್ನು ಇಟ್ಟುಬಿಟ್ಟರೆ ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ಲಕ್ಕಮ್ಮನ ವಚನಗಳನ್ನು ಬಡವನಿಗೆ ಹೇಳುವ ಸಂತೃಪ್ತಿಯ ಉಪದೇಶವನ್ನಾಗಿ ಓದುವ ವಾಡಿಕೆಯೊಂದು ಬೆಳೆದುಬಂದಿದೆ. ಕೂಲಿ ಹೆಚ್ಚಿಸಿರೆಂದು ಕೇಳುವವನಿಗೂ, ವಿದ್ಯಾರ್ಥಿನಿಲಯದಲ್ಲಿ ಇನ್ನೊಂದು ಹಿಡಿ ಅನ್ನ ಬೇಡುವವನಿಗೂ ಆಸೆ ಸಲ್ಲದೆಂಬ ಅವಳ ಮಾತನ್ನೇ ಮುಂದೊಡ್ಡುವುದು ಸುಲಭ. ಈ ಓದು ಪಠ್ಯಕ್ಕೆ ಮಾಡುವ ಅಪಚಾರವೆಂದೇ ನನ್ನ ಅಭಿಪ್ರಾಯ. ಆ ವಚನ ಯಾರನ್ನು ಕುರಿತದ್ದು? ನೆರೆಯವನನ್ನಲ್ಲ, ಉಣಲು ಬಂದವನನ್ನಲ್ಲ. ತನ್ನ ಮನೆಗೆ ಅಕ್ಕಿ ತಂದವನನ್ನು. ನೀಡುವವಳು ತನ್ನ ಚೀಲವನ್ನು ಅಳೆದುಕೊಂಡಳು. ಉಣ್ಣುವವರ ಎಡೆಯನ್ನು ಅಳೆಯಲಿಲ್ಲ.

ಈ ಭೇದವನ್ನು ಮರೆತರೆ ಏನಾಗುವುದೆಂಬುದಕ್ಕೆ ನೆರೆನಾಡಿನ ಇತಿಹಾಸದಲ್ಲಿಯೇ ಸಾಕ್ಷಿಯುಂಟು. ಚಕ್ರವರ್ತಿ ರಾಜಗೋಪಾಲಾಚಾರ್ಯರು ನಮ್ಮ ದೇಶದಲ್ಲಿ ಮಿತವ್ಯಯವನ್ನೂ ಸಮಾಜಸುಧಾರಣೆಯನ್ನೂ ಕೂಡಿಸಲೆತ್ತಿಸಿದವರಲ್ಲಿ ಪ್ರಮುಖರು. ಅವರ ಮಂತ್ರಿಮಂಡಲವಿದ್ದಾಗ 1939ರಲ್ಲಿ ಮದರಾಸು ಪ್ರಾಂತವು ದೇವಾಲಯಪ್ರವೇಶದ ಶಾಸನವನ್ನು ಮಾಡಿತು; 1959ರಲ್ಲಿ ಅವರು ಸ್ಥಾಪಿಸಿದ ಸ್ವತಂತ್ರ ಪಕ್ಷವು ಸರಕಾರದ ಹಿಡಿತವನ್ನೂ ವೆಚ್ಚವನ್ನೂ ತಗ್ಗಿಸಬೇಕೆಂದಿತು. ಈ ಎರಡರ ನಡುವೆ, 1953ರಲ್ಲಿ, ಹೆಚ್ಚಿನ ವೆಚ್ಚವಿಲ್ಲದೆ ಹೆಚ್ಚು ಮಕ್ಕಳಿಗೆ ಶಾಲೆ ಒದಗಿಸಲೆಂದು ಅವರು ಗ್ರಾಮೀಣ ಪ್ರಾಥಮಿಕ ಶಾಲೆಗಳ ಪಾಠದ ಹೊತ್ತನ್ನು ಮೊಟಕುಗೊಳಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳು ಹೆತ್ತವರ ಕಸುಬನ್ನು ಕಲಿಯಲೆಂದರು. ಅದು ಕುಲಕಸುಬಿನ ಶಿಕ್ಷಣವೆಂದು ಪ್ರಬಲ ವಿರೋಧವೆದ್ದಿತು. 1954ರಲ್ಲಿ ಅವರು ಅಧಿಕಾರದಿಂದಿಳಿದರು. ಕಾಮರಾಜರ ಸರಕಾರ ಆ ಯೋಜನೆಯನ್ನು ಕೈಬಿಟ್ಟಿತು. ದೇಗುಲದ ಬಾಗಿಲನ್ನು ತೆರೆಯಿಸಿದ ಕೈಯೇ ಶಾಲೆಯ ಬಾಗಿಲನ್ನು ಅರ್ಧ ಮುಚ್ಚಿದಂತೆ ಜನರಿಗೆ ತೋರಿತು. ಉಳಿತಾಯದ ಭಾರ ನೀಡುವವನ ಮೇಲಲ್ಲ, ಪಡೆಯುವ ಮಗುವಿನ ಮೇಲೆ ಬಿದ್ದುದೇ ಅಲ್ಲಿಯ ದೋಷ. ಮಾರಯ್ಯನ ಅಕ್ಕಿ ಆಯುವ ಕಾಯಕವು ಯಾವ ಕುಲದ ಕಸುಬೂ ಆಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯತಕ್ಕದ್ದು.

ಈಗ ನಮ್ಮ ಸೀಮೆಗೇ ಮರಳೋಣ. ಮಾನ್ವಿಯ ಹೊಲಗಳಿಗೆ ನೀರುಣಿಸುವುದು ತುಂಗಭದ್ರಾ ಎಡದಂಡೆ ನಾಲೆ. ಹೆಚ್ಚಿನ ಭಾಗದಲ್ಲಿ ಮಿತ ನೀರಿನ ಬೆಳೆಗಳನ್ನು ಬೆಳೆಯಲೆಂದು ರೂಪಿಸಿದ ಈ ನಾಲೆಯ ಮೇಲ್ಭಾಗದಲ್ಲಿ ಬತ್ತ ಹಬ್ಬಿತು. ಕೊನೆಯಂಚಿನ ಮಾನ್ವಿ, ರಾಯಚೂರುಗಳ ರೈತರು ನೀರಿಗಾಗಿ ಬೀದಿಗಿಳಿಯುವುದು ವರ್ಷವರ್ಷದ ಮಾತಾಯಿತು. ಇಲ್ಲಿ ಮಿತವ್ಯಯವೂ ಸಮತೆಯೂ ಬೇರೆ ಬೇರೆ ತತ್ತ್ವಗಳೆಂದು ಯಾರು ಹೇಳಬಲ್ಲರು? ಮೇಲಿನವನು ಅಳತೆ ಮೀರದಿದ್ದರೆ ಮಾತ್ರ ಕೆಳಗಿನವನಿಗೆ ಪಾಲು. ಲಕ್ಕಮ್ಮನ ವಚನವನ್ನು ಓದಿ ಹೇಳಬೇಕಾದುದು ನಾಲೆಯ ತಲೆಯಲ್ಲಿ, ಬಾಲದಲ್ಲಲ್ಲ.

ದೇವದುರ್ಗದ ಪ್ರಶ್ನೆ ಇದಕ್ಕಿಂತ ಭಿನ್ನ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು, ದೇವದುರ್ಗ ಅವುಗಳಲ್ಲೊಂದು. ಇಂಥ ತಾಲ್ಲೂಕಿನ ಶಾಲೆಗೆ, ಆಸ್ಪತ್ರೆಗೆ ವೆಚ್ಚಮಾಡುವಾಗ ಮಿತವ್ಯಯದ ಹೆಸರಿನಲ್ಲಿ ಕೈಹಿಡಿದರೆ ಅದು ಲಕ್ಕಮ್ಮನ ಮಾರ್ಗವಾಗದು. 2012ರ ತಿದ್ದುಪಡಿಯಿಂದ ಸಂವಿಧಾನದ 371ಜೆ ವಿಧಿ ಈ ಭಾಗಕ್ಕೆ ದೊರೆತಿದೆ. ಆ ಮೂಲಕ ಬಂದ ಹಣದಲ್ಲಿ ಒಂದು ಕಾಸೂ ನಡುದಾರಿಯಲ್ಲಿ ಸೋರದಂತೆ ಕಾಯುವುದು ಅವಳ ಮಾರ್ಗ. ಬಂದ ಹಣವನ್ನು ಯಾರ ಜಾತಿಯನ್ನೂ ಕೇಳದೆ ಹಂಚುವುದು ಅದೇ ಮಾರ್ಗದ ಮುಂದಿನ ಹೆಜ್ಜೆ.

ಆದುದರಿಂದ ಮಿತವ್ಯಯ, ಔದಾರ್ಯಗಳು ಕೂಡಬಲ್ಲವೆ ಎಂಬ ಮೊದಲ ಪ್ರಶ್ನೆಗೆ ಶರಣಸಾಹಿತ್ಯ ಹೌದೆಂದು ಉತ್ತರಿಸುತ್ತದೆ, ಆದರೆ ಒಂದು ನಿಬಂಧನೆಯ ಮೇಲೆ: ಅಳತೆಯು ಅಧಿಕಾರವುಳ್ಳವನ ಮನೆಯಿಂದ ಮೊದಲಾಗಬೇಕು. ಈ ನಿಬಂಧನೆಯನ್ನು ಬಿಟ್ಟು ಲಕ್ಕಮ್ಮನನ್ನು ಬೋಧಿಸುವ ಅಧ್ಯಾಪಕನಾಗಲಿ ಪ್ರವಚನಕಾರನಾಗಲಿ, ಮಾರಯ್ಯನು ಹಿಂದಿರುಗಿಸಿದ ಅಕ್ಕಿಯನ್ನು ತನ್ನ ಮನೆಗೆ ಹೊತ್ತೊಯ್ದಂತೆ. ಮಠಗಳ ದಾಸೋಹಕ್ಕೂ, ಸರಕಾರದ ಆಯವ್ಯಯಕ್ಕೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆಂದು ಭಾವಿಸಿ ಸಹೃದಯರು ಆ ವಚನಗಳನ್ನು ಇನ್ನೊಮ್ಮೆ ಓದಿ ನೋಡಬೇಕೆಂದು ವಿಜ್ಞಾಪನೆ.