ಊಟದ ಮೇಜಿನ ಮೇಲೆ ವರ್ಣತಂತು

ಜಾನೆಟ್ ರೌಲಿ ಕತ್ತರಿ ಹಿಡಿದು ಮಾಡಿದ ಕೆಲಸವನ್ನು ಈಗ ಕಂಪ್ಯೂಟರ್ ಮಾಡುತ್ತದೆ. ಷಿಕಾಗೋದ ಈ ವೈದ್ಯೆ ನಾಲ್ಕು ಗಂಡುಮಕ್ಕಳ ತಾಯಿ. ವರ್ಷಗಟ್ಟಲೆ ವಾರಕ್ಕೆ ಕೆಲವೇ ದಿನ ಕೆಲಸಕ್ಕೆ ಹೋದವರು. ರಕ್ತಕ್ಯಾನ್ಸರ್ ಕೋಶಗಳ ವರ್ಣತಂತುಗಳ ಫೋಟೊಗಳನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಒಂದೊಂದನ್ನೇ ಕತ್ತರಿಸಿ ಜೋಡಿಸುತ್ತಿದ್ದರು. ಅಮ್ಮ ಕಾಗದದ ಗೊಂಬೆಯಾಟ ಆಡುತ್ತಿದ್ದಾಳೆಂದು ಮಕ್ಕಳು ರೇಗಿಸುತ್ತಿದ್ದರಂತೆ.

ಸಿಎಂಎಲ್ ಎಂಬ ರಕ್ತಕ್ಯಾನ್ಸರಿನ ರೋಗಿಗಳಲ್ಲಿ ಮೋಟು ವರ್ಣತಂತುವೊಂದು ಇರುವುದನ್ನು ಫಿಲಡೆಲ್ಫಿಯಾದ ಇಬ್ಬರು ಸಂಶೋಧಕರು 1960ರಲ್ಲೇ ಕಂಡಿದ್ದರು. ತುಂಡು ಕಳೆದುಹೋಗಿದೆ ಎಂದೇ ಎಣಿಕೆ. ಹೊಳೆಯುವ ಬಣ್ಣ ಹಾಕಿ ಪಟ್ಟೆಗಳನ್ನು ಪರೀಕ್ಷಿಸಿದ ರೌಲಿಗೆ ಮಾತ್ರ 9ನೆಯ ತಂತು ತುಸು ಉದ್ದವಾಗಿರುವುದು ಕಾಣಿಸಿತು. ಮೋಟಾಗಿದ್ದ 22ನೆಯ ತಂತುವಿನ ತುಂಡು ಅಲ್ಲಿಗೆ ಹೋಗಿ ಅಂಟಿತ್ತು! 1973ರಲ್ಲಿ ಪ್ರಕಟವಾದ ಈ ಮಾತನ್ನು ಹಲವರು ಕೂಡಲೇ ಒಪ್ಪಲಿಲ್ಲ. ವರ್ಣತಂತುಗಳ ಏರುಪೇರು ಕ್ಯಾನ್ಸರಿನ ಪರಿಣಾಮವೇ ಹೊರತು ಕಾರಣವಲ್ಲ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು.

ಎಲ್ಲರೂ ಗಿಡ್ಡವಾದದ್ದನ್ನೇ ನೋಡುತ್ತಿದ್ದಾಗ ಉದ್ದವಾದದ್ದನ್ನು ಗುರುತಿಸಿದ ಆ ಕಣ್ಣು ನನಗೆ ಬಲು ಮೆಚ್ಚು. ಈ ಅದಲುಬದಲಿನಲ್ಲಿ ಬಿಸಿಆರ್ ಮತ್ತು ಎಬಿಎಲ್ ಜೀನುಗಳು ಬೆಸೆದುಕೊಳ್ಳುತ್ತವೆ ಎಂಬುದು ಮುಂದೆ ತಿಳಿಯಿತು. ಆ ಜೋಡಿಯಿಂದ ಹುಟ್ಟುವ ಪ್ರೋಟೀನನ್ನು ತಡೆಯುವ ಇಮಾಟಿನಿಬ್ ಎಂಬ ಔಷಧಕ್ಕೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಔಷಧ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ವೈದ್ಯರು ಇವತ್ತಿಗೂ ರೋಗಿಯ ರಕ್ತದಲ್ಲಿ ಅಳೆಯುವುದು ಇದೇ ಬೆಸುಗೆಯನ್ನು.