ಕರ್ತೃವಿಲ್ಲದ ಎರಡು ಪದಗಳು

ಬಳಕೆ ತಪ್ಪಿದ ಇಂಗ್ಲಿಷ್ ಪದಕ್ಕೆ ನಿಘಂಟು ಒಂದು ಸಮಾನಪದ ಕೊಟ್ಟು ಮುಂದೆ ಹೋಗುತ್ತದೆ. ಕೆಲವು ಪದಗಳಿಗೆ ಅಷ್ಟು ಸಾಲದು. ‘ಎಸ್ಚೀಟ್’ ಮತ್ತು ‘ಲ್ಯಾಪ್ಸ್’ ಅಂಥವು. ವಾರಸುದಾರರಿಲ್ಲದ ಆಸ್ತಿ ಸರ್ಕಾರಕ್ಕೆ ಸೇರುವುದನ್ನು ಹೇಳಲು ನಮ್ಮ ಸಂವಿಧಾನದ 296ನೆಯ ಅನುಚ್ಛೇದ ಇವನ್ನು ಇಂದಿಗೂ ಬಳಸುತ್ತದೆ.

ಎರಡೂ ಲ್ಯಾಟಿನ್ ಮೂಲದವು. ಒಂದರ ಧಾತು ‘ಬೀಳು’, ಇನ್ನೊಂದರದು ‘ಜಾರು’. ಆಸ್ತಿ ತಾನಾಗಿ ಬಿತ್ತು, ತಾನಾಗಿ ಜಾರಿತು. ತೆಗೆದುಕೊಂಡವನು ವಾಕ್ಯದಲ್ಲೇ ಇಲ್ಲ.

ಕಿತ್ತೂರಿನಲ್ಲಿ ಹಾಗಾಗಲಿಲ್ಲ. 1824ರಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ದತ್ತಕವನ್ನು ಕಂಪನಿ ಒಪ್ಪಲಿಲ್ಲ. ಕಲೆಕ್ಟರ್ ಥ್ಯಾಕರೆ ಪಡೆಯೊಂದಿಗೆ ಬಂದ, ಅಕ್ಟೋಬರ್ 23ರಂದು ಸತ್ತ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಇದರಲ್ಲಿ ತಾನಾಗಿ ಜಾರಿದ್ದು ಯಾವುದು? ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು ಮದರಾಸಿನಲ್ಲಿ ಅಚ್ಚಾದದ್ದೂ ಅದೇ 1824ರಲ್ಲಿ. ಪದಗಳನ್ನು ಕೂಡಿಸುವ ಕೆಲಸವೂ ನಾಡನ್ನು ಕಸಿಯುವ ಕೆಲಸವೂ ಒಂದೇ ವರ್ಷ ನಡೆದಿದ್ದವು.

ಕಿತ್ತೂರಿಗೆ ಹತ್ತಿರದ ದೇಗಾಂವದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯಿದೆ. ಆ ಕಾಲದ ದಾನಶಾಸನಗಳ ವಾಡಿಕೆ ಬೇರೆ. ಕೊಟ್ಟವರಾರು, ಪಡೆದವರಾರು ಎಂದು ಹೇಳಿ, ಕೊನೆಗೆ ಕಸಿದುಕೊಳ್ಳುವವನಿಗೆ ಶಾಪ ಹಾಕುತ್ತವೆ. ಅಲ್ಲಿ ಕಸಿಯುವ ಕ್ರಿಯೆಗೆ ಕರ್ತೃ ಇದ್ದೇ ಇರುತ್ತಾನೆ.

ಡಾಲ್‌ಹೌಸಿಯ ‘ಡಾಕ್ಟ್ರಿನ್ ಆಫ್ ಲ್ಯಾಪ್ಸ್’ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ‘ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿ’ ಎನ್ನುತ್ತವೆ. ಇದು ಅನುವಾದವಲ್ಲ, ವಿವರಣೆ; ಮೂಲಕ್ಕಿಂತ ಪ್ರಾಮಾಣಿಕವಾದದ್ದು, ಏಕೆಂದರೆ ಪೆಟ್ಟು ಯಾರಿಗೆ ಬಿತ್ತೆಂದು ಹೇಳುತ್ತದೆ. ಆದರೂ ಎರಡು ಕೊರತೆಗಳಿವೆ. ಆ ನೀತಿ ನಿರಾಕರಿಸಿದ್ದು ರಾಜ್ಯದ ಹಕ್ಕನ್ನು, ಖಾಸಗಿ ಆಸ್ತಿಯ ಹಕ್ಕನ್ನಲ್ಲ. ಕನ್ನಡದ ಮಾತು ಎರಡನ್ನೂ ಬೆರೆಸುತ್ತದೆ. ಜೊತೆಗೆ ‘ಹಕ್ಕಿಲ್ಲ’ ಎಂದವರು ಯಾರೆಂಬುದು ಇಲ್ಲೂ ಮರೆಯಾಗಿದೆ.

ಇಂಗ್ಲಿಷ್ ಜನ ತಮ್ಮ ಪದಕ್ಕೆ ತಾವೇ ಬರೆದ ಟೀಕೆಯೂ ಒಂದುಂಟು. ಮೋಸಕ್ಕೆ ಅವರು ಬಳಸುವ ‘ಚೀಟ್’ ಎಂಬ ಮಾತು ‘ಎಸ್ಚೀಟ್’ನ ತುಂಡು ರೂಪ. ಬಿದ್ದ ಆಸ್ತಿಯನ್ನು ದೊರೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದ ಅಧಿಕಾರಿಗಳ ಮೇಲಿನ ಅಪನಂಬಿಕೆ ಆ ತುಂಡಿನಲ್ಲಿ ಉಳಿದಿದೆ. ಕಾನೂನು ಅಳಿಸಿದ ಕರ್ತೃವನ್ನು ಆಡುಮಾತು ಮರಳಿ ತಂದಿತು.

ಇಂಥ ಪದಗಳಿಗೆ ಅರ್ಥ ಬರೆಯುವವರು ಇಷ್ಟನ್ನಾದರೂ ಸೇರಿಸಬೇಕು: ಬಿದ್ದದ್ದು ಯಾರದು, ಎತ್ತಿಕೊಂಡವರು ಯಾರು.